ಕುತ್ತಿಗೆಯ ಬಣ್ಣ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಕ್ಕನಂತೂ ಚಿಕ್ಕಂದಿನಿಂದ ನನ್ನನ್ನು ‘ಸಿಡುಕಿ’ ಎಂದೇ ಕರೆಯುವುದು. ಐವತ್ತನಾಲ್ಕು ವರ್ಷದ ಹೆಂಗಸನ್ನು ತುಂಬಿದ ಬಸ್ಸಿನಲ್ಲಿ “ಲೇ ಸಿಡುಕಿ, ಇಲ್ಲಿ ಸೀಟಿದೆ ಬಾರೇ” ಎಂದು ಕೂಗಿದರೆ ಸಿಡುಕದೆ ಇನ್ನೇನು ಮಾಡಬೇಕು?

ನಮ್ಮಿಬ್ಬರಿಗೂ ಗೊಂಬೆಯ ಹುಚ್ಚು. ಉದ್ದ ಕಾಲು, ಸಣ್ಣ ಸೊಂಟ, ತುಟಿಗೆ ಬಣ್ಣ ಬಳಿದುಕೊಂಡ ಫ್ಯಾಷನ್ ಗೊಂಬೆಗಳು. ಚಿಕ್ಕವರಿದ್ದಾಗ ಅವನ್ನು ಅಂಗಡಿಯ ಗಾಜಿನಾಚೆ ನೋಡಿದ್ದೇ ಬಂತು, ಕೈಗೆ ಸಿಗಲಿಲ್ಲ. ಹೊಸದನ್ನು ಕೊಳ್ಳುವ ಮಾತು ಈಗಲೂ ಇಲ್ಲ. ಗುಜರಿಯವನ ಹಳೆ ಪ್ಲಾಸ್ಟಿಕ್ ರಾಶಿಯಲ್ಲಿ ಮೈಮೇಲೆ ಬಟ್ಟೆಯಿಲ್ಲದೆ, ಕೂದಲು ಗಂಟುಕಟ್ಟಿ, ಯಾವುದೋ ಮಗುವಿನ ಕೈಯಲ್ಲಿ ಪೆನ್ನಿನ ಮೀಸೆ ಬರೆಸಿಕೊಂಡು ಬಿದ್ದಿರುತ್ತವಲ್ಲ, ಅಂಥವೇ ನಮ್ಮ ಪಾಲಿಗೆ. ತಂದು, ತೊಳೆದು, ಬಾಚಿ, ಹೊಸ ಉಡುಪು ಹೊಲಿದು ತೊಡಿಸುತ್ತೇವೆ. ನಾನು ಪರದೆ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವವಳು. ಹಳೆಯ ಸ್ಯಾಂಪಲ್ ಪುಸ್ತಕದ ತುಂಡುಗಳೇ ನನ್ನ ಬಂಡವಾಳ. ಅಕ್ಕ ಕೋಟು, ಶರ್ಟು ಹೊಲಿಯುವ ಟೈಲರ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕಾಜಾ ಹಾಕುತ್ತಾಳೆ, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ಕೈಹೊಲಿಗೆ. ಅಲ್ಲಿನ ಲೈನಿಂಗ್ ಚೂರುಗಳು ಅವಳ ಬಂಡವಾಳ.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಯ ಕಿಟಕಿ ಕಟ್ಟೆಯ ಮೇಲೆ ಹೋಲಿಕೆ ನಡೆಯುತ್ತದೆ. ಅವಳ ಗೊಂಬೆ, ನನ್ನ ಗೊಂಬೆ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಯಾವುದು ಎತ್ತರ, ಮೊಣಕೈ ಮಡಚುತ್ತದೋ ಇಲ್ಲವೋ, ಪಾದ ಚಪ್ಪಟೆಯೋ ತುದಿಗಾಲೋ, ಉಡುಪು ಹೇಗೆ ಕೂತಿದೆ, ಎಲ್ಲ ನೋಡಿ ಅಕ್ಕ ತೀರ್ಪು ಕೊಡುತ್ತಾಳೆ. ಹೌದು, ಆಡುವವಳೂ ಅವಳೇ, ತೀರ್ಪು ಹೇಳುವವಳೂ ಅವಳೇ. ದೊಡ್ಡವಳಲ್ಲವೇ!

ಇದರಲ್ಲೆಲ್ಲ ಕಷ್ಟದ ಕೆಲಸವೆಂದರೆ ತಲೆ ಬದಲಿಸುವುದು. ಒಂದಕ್ಕೆ ಮುಖ ಚೆಂದ, ಕಾಲೇ ಇರುವುದಿಲ್ಲ. ಇನ್ನೊಂದಕ್ಕೆ ಮೈ ಗಟ್ಟಿ, ಮುಖವನ್ನು ನಾಯಿ ಕಚ್ಚಿರುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ತಲೆಯನ್ನು ಕಿತ್ತು ಬೇರೆ ಮೈಗೆ ಕೂರಿಸಬೇಕು. ಕೂರಿಸುವುದು ಯಾರಿಗಾದರೂ ಬಂದೀತು, ಬಣ್ಣ ಕೂಡಿಸುವುದು ಬರಬೇಕಲ್ಲ. ಕುತ್ತಿಗೆಯಲ್ಲಿ ಗೆರೆ ಕಂಡರೆ ಕೆಲಸ ಕೆಟ್ಟಂತೆ. ಅಕ್ಕನದು ಹದ್ದಿನ ಕಣ್ಣು, ಕಂದು ಬಣ್ಣವೊಂದರಲ್ಲೇ ಏಳು ಬಗೆ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ನನ್ನ ಕೈಯಲ್ಲಿದ್ದ ಗೊಂಬೆ ನೋಡಿ, “ತಲೆ ಒಂದೂರು, ಮೈ ಒಂದೂರು” ಎಂದು ನಕ್ಕುಬಿಡುತ್ತಿದ್ದಳು.

ಅಂಥ ಅಕ್ಕನ ಎದುರು ಕಳೆದ ಒಂದು ವರ್ಷದಿಂದ ವಾರವಾರವೂ ನಾನೇ ಗೆಲ್ಲುತ್ತಿದ್ದೆ. ಕೈ ಪಳಗಿತು ಎಂದುಕೊಂಡೆ. ಜಂಬ ತಲೆಗೇರಿತ್ತು.

ಆ ಭಾನುವಾರ ಅಕ್ಕ ತನ್ನ ಗೊಂಬೆಯನ್ನು ಟವೆಲಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು.

“ಇವತ್ತು ನಿನ್ನ ಕತೆ ಮುಗೀತು ಕಣೇ,” ಎಂದು ಟವೆಲ್ ಎಳೆದಳು.

ಕಾಫಿಪುಡಿ ಬಣ್ಣದ ಮುಖ. ಕುತ್ತಿಗೆಯಿಂದ ಕೆಳಗೆ ತಿಳಿ ಗುಲಾಬಿ ಮೈ. ತಮಾಷೆಗೆ ಮಾಡಿದ್ದಾಳೆ ಎಂದುಕೊಂಡೆ. ನಗು ಬಾಯಿಯ ತನಕ ಬಂತು. ನೋಡಿದರೆ ಅಕ್ಕ ನಗುತ್ತಿರಲಿಲ್ಲ.

“ಕುತ್ತಿಗೇಲಿ ಒಂದು ಗೆರೆ ಇದ್ರೆ ತೋರಿಸು ನೋಡೋಣ. ಮೂರು ವಾರ ಹುಡುಕಿದೀನಿ ಈ ಮೈಗೆ.”

ಅವಳು ಸೂಜಿಗೆ ದಾರ ಪೋಣಿಸಲು ಭಾವನನ್ನು ಕರೆಯುತ್ತಿದ್ದುದು, ಹಗಲಲ್ಲೂ ದೀಪ ಹಾಕುತ್ತಿದ್ದುದು, ಎಲ್ಲ ಒಟ್ಟಿಗೆ ನೆನಪಾಯಿತು. ಇಷ್ಟು ದಿನ ನನ್ನ ಕಣ್ಣಿಗೇನಾಗಿತ್ತು?

“ತುಂಬಾ ಚೆನ್ನಾಗಿದೆ ಅಕ್ಕ,” ಎಂದೆ. “ನೀನೇ ಗೆದ್ದೆ.”

ಅಕ್ಕನ ಮುಖ ಬಾಡಿತು.

“ಏನಂದೆ?”

“ಚೆನ್ನಾಗಿದೆ ಅಂದೆ.”

“ಹುಟ್ಟಿದಾಗಿಂದ ಒಂದು ಸಲನಾದ್ರೂ ನನ್ನ ಕೆಲಸಾನ ಚೆನ್ನಾಗಿದೆ ಅಂದಿದ್ಯಾ ನೀನು? ನಿಜ ಹೇಳು. ಬಣ್ಣ ಕೂಡಿಲ್ವಾ?”

ನಾನು ಟವೆಲ್ ಎತ್ತಿಕೊಂಡು ಮಡಚತೊಡಗಿದೆ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಭಾವ ಪೇಪರ್ ಕೆಳಗಿಟ್ಟರು. “ಹೇಳಿಬಿಡಮ್ಮ. ನಾನು ಹೇಳಿದ್ರೆ ಅವಳ ಕಿವಿಗೆ ಹೋಗಲ್ಲ,” ಎಂದರು.

“ಮುಖ ಕಾಫಿಪುಡಿ, ಮೈ ಗುಲಾಬಿ,” ಎಂದೆ.

ಅಕ್ಕ ಗೊಂಬೆಯನ್ನು ಮಡಿಲಿಗಿಟ್ಟುಕೊಂಡು ಅದರ ಕುತ್ತಿಗೆಯನ್ನು ಬೆರಳಿನಿಂದ ಸವರಿದಳು. “ನಂಗೆ ಎರಡೂ ಒಂದೇ ಥರ ಮಂಕು ಹಳದಿ ಕಾಣುತ್ತೆ. ಇದೊಂದು ಸರಿಹೋದ್ರೆ ಆಪರೇಷನ್ ಬೇಡ ಅಂತ ಮನಸ್ಸಲ್ಲೇ ಅಂದ್ಕೊಂಡಿದ್ದೆ.”

ಎರಡೂ ಕಣ್ಣಿಗೆ ಪೊರೆ ಬಂದಿದೆಯೆಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತಂತೆ. ನನಗೆ ಹೇಳಬಾರದೆಂದು ಭಾವನಿಂದ ಮಾತು ತೆಗೆದುಕೊಂಡಿದ್ದಳು. ಅಂಗಡಿಯ ವಿಷಯವೂ ಆಗಲೇ ಹೊರಬಿತ್ತು. “ಕರಿ ಕೋಟಿಗೆ ನೀಲಿ ದಾರದಲ್ಲಿ ಕಾಜಾ ಹಾಕಿಬಿಟ್ಟೆ ಕಣೇ. ಮಾಸ್ಟರು ಒಂದು ಮಾತೂ ಆಡ್ಲಿಲ್ಲ, ತಾವೇ ಕೂತು ಬಿಚ್ಚಿದ್ರು. ಬೈದಿದ್ರೆ ವಾಸಿಯಿತ್ತು. ಆಮೇಲಿಂದ ಬರೀ ಬಿಳಿ ಶರ್ಟೇ ಕೊಡ್ತಿದಾರೆ. ಅದಾದ್ರೂ ಎಷ್ಟು ದಿನ?”

“ಮತ್ತೆ ಆಪರೇಷನ್ ಮಾಡಿಸ್ಕೊಳ್ಳೋಕೆ ಏನು ಕಷ್ಟ?”

“ಕಣ್ಣಿಗೆ ಸೂಜಿ ಹಾಕ್ತಾರಂತೆ,” ಎಂದಳು, ಮೂವತ್ತು ವರ್ಷ ಸೂಜಿ ಹಿಡಿದ ನನ್ನಕ್ಕ. “ಈಗ ಬಣ್ಣ ಮಾತ್ರ ಹೋಗಿದೆ. ಇರೋದೂ ಹೋದ್ರೆ?”

ನನಗೆ ಕೋಪ ಬಂತು. ಅಳುವುದಕ್ಕಿಂತ ನನಗೆ ಅದು ಸುಲಭ.

“ಗೊಂಬೆಗಳ ತಲೇನ ಬಿಸಿನೀರಲ್ಲಿ ಅದ್ದಿ ಕೀಳ್ತೀಯಲ್ಲ, ಅವು ಒಂದು ದಿನ ಬಾಯಿಬಿಟ್ಟಿದಾವಾ? ಅರ್ಧ ಗಂಟೆ ತೆಪ್ಪಗೆ ಮಲಗೋಕೆ ನಿಂಗೇನು ದಾಡಿ? ನೋಡು, ನೀನು ಆಸ್ಪತ್ರೆಗೆ ಬರಲ್ಲ ಅಂದ್ರೆ ಇನ್ಮೇಲೆ ಪ್ರತಿ ಭಾನುವಾರ ನಿನ್ನ ಹೊಗಳ್ತೀನಿ. ಏನು ಮಾಡಿ ತೋರಿಸಿದ್ರೂ ಸೂಪರ್ ಅಂತೀನಿ. ಸಾಯೋತನಕ ಹೊಗಳ್ತೀನಿ!”

ಅಕ್ಕ ಬೆಚ್ಚಿಬಿದ್ದು ನನ್ನತ್ತ ನೋಡಿದಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಅಷ್ಟು ಕಟುಕಿ ಆಗಬೇಡ ಕಣೇ. ಬರ್ತೀನಿ.”

ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಅವಳು ಒಳಗಿದ್ದ ಅಷ್ಟೂ ಹೊತ್ತು ನಾನು ಹೊರಗಿನ ಬೆಂಚಿನಲ್ಲಿ ಒಂದು ಗೊಂಬೆಯ ಲಂಗದ ಅಂಚನ್ನು ಹೊಲಿಯುವುದು, ಬಿಚ್ಚುವುದು ಮಾಡುತ್ತಿದ್ದೆ. ಅಷ್ಟು ಹೆದರಿದ್ದೆ.

ಎರಡು ವಾರ ಕಳೆದ ಮೇಲೆ ಭಾನುವಾರ ಹೋದಾಗ ಅಕ್ಕ ಕಿಟಕಿಯ ಬಳಿ ಕೂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಆ ಕಾಫಿಪುಡಿ ಮುಖದ ಗೊಂಬೆಯನ್ನು ನೋಡುತ್ತಿದ್ದಳು.

“ಥೂ! ಇದನ್ನ ಚೆನ್ನಾಗಿದೆ ಅಂದ್ಯಲ್ಲೇ! ನಾಚಿಕೆ ಆಗಲಿಲ್ವಾ?” ಎಂದಳು. “ಎಲ್ಲಿ, ಈ ವರ್ಷ ಗೆದ್ದೆಯಲ್ಲ, ಅವನ್ನ ತಗೊಂಡು ಬಾ.”

ಗೆದ್ದ ಗೊಂಬೆಗಳನ್ನು ಇಡುವುದು ಅವಳ ಮನೆಯ ಕಪಾಟಿನಲ್ಲೇ. ಒಂದೊಂದಾಗಿ ತಂದುಕೊಟ್ಟೆ.

“ಇದು ತಲೆ ಒಂದೂರು, ಮೈ ಒಂದೂರು. ಇದೂ ಅಷ್ಟೇ. ಅಯ್ಯಯ್ಯೋ, ಈ ಹಸಿರಿಗೆ ನೀಲಿ ದಾರ ಹಾಕಿದ ಮಹಾತಾಯಿ ಯಾರು?”

“ನೀನೇ ಗೆಲ್ಲಿಸಿದ್ದು.”

“ಕಾಣ್ತಾನೇ ಇರ್ಲಿಲ್ಲವಲ್ಲೇ. ಗೆದ್ದೆ ಅಂದ್ರೆ ನೀನು ಜಗಳಕ್ಕೆ ಬರಲ್ಲ, ಏನೂ ಕೇಳಲ್ಲ ಅಂತ ಗೆಲ್ಲಿಸ್ತಿದ್ದೆ. ಅದೆಲ್ಲ ವಾಪಸ್!”

ಒಂದೊಂದನ್ನೂ ನೋಡಿ, ಬೈದು, ಬೋರಲು ಮಲಗಿಸುತ್ತಾ ಹೋದಳು. ನನ್ನ ಒಂದು ವರ್ಷದ ಗೆಲುವು ಕಟ್ಟೆಯ ಮೇಲೆ ಸಾಲಾಗಿ ಬೋರಲು ಬಿತ್ತು. ನನ್ನ ಮೂಗು ಸುರಿಯುತ್ತಿತ್ತು, ಎಷ್ಟು ಒರೆಸಿಕೊಂಡರೂ ನಿಲ್ಲಲಿಲ್ಲ.

“ಯಾಕೇ ಅಳ್ತೀಯ? ಸೋತಿದ್ದಕ್ಕಾ?”

“ಹೂಂ,” ಎಂದೆ. “ಇನ್ನೂ ನಾಲ್ಕಿವೆ. ತರ್ತೀನಿ ಇರು.”