ಕೇಂದ್ರದ ಅಂಗಿ

ಉದ್ಯೋಗ ನೆರವು ಕೇಂದ್ರದಲ್ಲಿ ನನ್ನ ಕೆಲಸ ಅಂಗಿ ಒಗೆದು ಇಸ್ತ್ರಿ ಮಾಡುವುದು. ಸಂದರ್ಶನಕ್ಕೆ ಹೋಗುವವರಿಗೆ ಕೇಂದ್ರವೇ ನೀಲಿ ಅಂಗಿ ಕೊಡುತ್ತದೆ. ಸಂಜೆ ಅವು ವಾಪಸ್ ಬಂದಾಗ ಕಂಕುಳಲ್ಲಿ ಬೆವರು ಬಿಳಿ ಗೆರೆಯಾಗಿ ಒಣಗಿರುತ್ತದೆ. ಬೆವರು ಒಗೆಯುವುದಕ್ಕೆ ನನಗೇನೂ ಹೇಸಿಗೆಯಿಲ್ಲ. ಹೇಸಿಗೆಯಾಗುವುದು ಜೇಬಿನ ಮೇಲಿನ ಕೆಂಪು ಕಸೂತಿ ಕಂಡರೆ: ಕುಲುಕುತ್ತಿರುವ ಎರಡು ಕೈ, ಕೆಳಗೆ ಕೇಂದ್ರದ ಹೆಸರು. ಅದು ನಮ್ಮ ನಿರ್ದೇಶಕರ ತಲೆಯಲ್ಲಿ ಹುಟ್ಟಿದ ಚಿತ್ರ.

ಆ ಗುರುತು ಕಂಡರೆ ಕಾರ್ಖಾನೆಯ ಗೇಟು ತಾನಾಗಿ ತೆರೆಯುತ್ತದೆ, ನಿಜ. ಯಾಕೆಂದರೆ ಕೇಂದ್ರ ಕಳಿಸಿದವರಿಗೆ ಮೊದಲ ತಿಂಗಳು ಸಂಬಳ ಕೊಡಬೇಕಿಲ್ಲ. ಅದು ತರಬೇತಿ ಎಂದು ನಿರ್ದೇಶಕರೇ ಮಾತು ಕೊಟ್ಟಿದ್ದಾರೆ. ತಿಂಗಳು ಮುಗಿಯುತ್ತಲೇ ಕಾರ್ಖಾನೆಯವರು ಅವರನ್ನು ಮನೆಗೆ ಕಳಿಸಿ, ಇನ್ನಷ್ಟು ನೀಲಿ ಅಂಗಿಗಳನ್ನು ಕಳಿಸಿ ಎನ್ನುತ್ತಾರೆ. ಇತ್ತ ನಮ್ಮ ಗೋಡೆಯ ಮೇಲೆ 'ಕೆಲಸ ಸಿಕ್ಕವರು' ಎಂಬ ಫಲಕದ ಕೆಳಗೆ ಫೋಟೋಗಳು ಏರುತ್ತಲೇ ಇರುತ್ತವೆ. ಬಂದ ಅತಿಥಿಗಳಿಗೆಲ್ಲ ನಿರ್ದೇಶಕರು ಅವನ್ನು ತೋರಿಸುತ್ತ ಬೆಣ್ಣೆ ಮಾತಾಡುತ್ತಾರೆ.

ನನ್ನ ಭಾವ, ಅಂದರೆ ಅಕ್ಕನ ಗಂಡ, ದುಡಿಯುತ್ತಿದ್ದ ಮುದ್ರಣದ ಪ್ರೆಸ್ಸು ಮುಚ್ಚಿತು. ಒಂದೇ ಕೋಣೆಯ ಮನೆ, ಮೂರು ಹೊಟ್ಟೆ, ನನ್ನೊಬ್ಬಳ ಸಂಬಳ. ಭಾವ ಊಟಕ್ಕೆ ಕೂತರೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಿದ್ದರು. ಅಕ್ಕ ಸೌಟು ಹಿಡಿದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು.

ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಯಂತ್ರ ನಡೆಸುವವರು ಬೇಕಾಗಿದ್ದರು. ನಾನು ಒಂದು ಅಂಗಿಯ ಕಸೂತಿಯನ್ನು ಬ್ಲೇಡಿನಿಂದ ಬಿಚ್ಚಿ, ತೂತು ಕಾಣದ ಹಾಗೆ ಇಸ್ತ್ರಿ ಒತ್ತಿ ಮನೆಗೆ ತಂದೆ.

"ಯಾರ ಕಡೆಯಿಂದ ಬಂದ್ರಿ ಅಂದ್ರೆ ಏನು ಹೇಳ್ಲಿ?" ಎಂದರು ಭಾವ.

"ಮನೆ ಕಡೆಯಿಂದ ಅನ್ನಿ. ಕೇಂದ್ರದ ಸುದ್ದಿ ಮಾತ್ರ ಎತ್ಬೇಡಿ."

ಕೆಲಸ ಸಿಕ್ಕಿತು, ಅದೂ ಮೊದಲ ದಿನದಿಂದಲೇ ಸಂಬಳ. ಅವತ್ತು ಭಾವ ಎರಡು ಸಲ ಬಡಿಸಿಕೊಂಡರು. ಅಕ್ಕ ಸೌಟು ಹಿಡಿದುಕೊಂಡೇ ಅತ್ತಳು.

ಆದರೆ ಭಾವ ಎರವಲು ತಂದ ಸೂಜಿಯನ್ನೂ ಕೊಟ್ಟವರ ಕೈಗೇ ಒಪ್ಪಿಸಿ ಬರುವ ಪೈಕಿ. ನಾನು ರಜೆಯಲ್ಲಿದ್ದ ದಿನ ಅಂಗಿಯನ್ನು ಮಡಿಸಿ ತಾವೇ ಕೇಂದ್ರಕ್ಕೆ ಒಯ್ದರು. ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಕೆಲಸ ಸಿಕ್ತು ಸಾರ್ ಎಂದೂ ಹೇಳಿ ಬಂದರು. ನಿರ್ದೇಶಕರಿಗೆ ಅಷ್ಟು ಸಾಕಾಯಿತು. ಮರುದಿನ ಬ್ಯಾನರ್, ಹೂಗುಚ್ಛ, ಫೋಟೋದವನ ಸಮೇತ ಕಾರ್ಖಾನೆಗೇ ಹೋಗಿ ಭಾವನ ಹೆಗಲ ಮೇಲೆ ಕೈ ಹಾಕಿ ನಿಂತರು.

"ಇವರು ನಮ್ಮವರು."

"ಓ, ನಿಮ್ಮವರಾ? ಮೊದ್ಲೇ ಹೇಳ್ಬಾರ್ದಿತ್ತಾ" ಎಂದರಂತೆ ಮ್ಯಾನೇಜರ್.

ಆ ತಿಂಗಳು ತರಬೇತಿಯ ಲೆಕ್ಕಕ್ಕೆ ಹೋಯಿತು. ತಿಂಗಳು ಮುಗಿದ ಮೇಲೆ ಭಾವನೂ ಹೊರಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಭಾವ ನಿರ್ದೇಶಕರನ್ನು ಬೈಯಲೂ ಇಲ್ಲ, ಅವರಿಗೇನು ಗೊತ್ತು ಪಾಪ ಎಂದರು. ಎಲ್ಲ ಗೊತ್ತಿದ್ದೂ ಹೂಗುಚ್ಛ ಹಿಡಿದು ಹೋದ ಮನುಷ್ಯನಿಗೆ ಪಾಪ ಅನ್ನುವುದೇ? ನನಗೆ ಮೈಯೆಲ್ಲ ಉರಿಯಿತು.

ನಿನ್ನೆ ಭಾವ ಮತ್ತೆ ಬಂದು ಕೇಂದ್ರದ ಬೆಂಚಿನಲ್ಲಿ ಕೂತರು. ಅವರ ತಲೆಯ ಮೇಲಿನ ಗೋಡೆಯಲ್ಲಿ ಅವರದೇ ಫೋಟೋ ಹೂಗುಚ್ಛ ಹಿಡಿದು ನಗುತ್ತಿತ್ತು. ನಿರ್ದೇಶಕರು ಒಳಗೆ ಬಂದಾಗ ಭಾವ ಎದ್ದು ನಿಂತರು.

"ಕೂತ್ಕೊಳ್ಳಿ. ಹೊಸಬರಾ? ಧೈರ್ಯವಾಗಿರಿ." ಅವರು ಅದೇ ಫೋಟೋದತ್ತ ಬೆರಳು ತೋರಿಸಿದರು. "ಅಲ್ನೋಡಿ, ಅವರೂ ನಿಮ್ಮ ಹಾಗೇ ಬಂದವರು." ಆಮೇಲೆ ನನ್ನತ್ತ ತಿರುಗಿ, "ಇವರಿಗೊಂದು ಅಂಗಿ ಕೊಡಮ್ಮ" ಎಂದರು.

ಭಾವ ತಲೆ ತಗ್ಗಿಸಿದರು. ನಾನು ಅಂಗಿ ತಂದು, ಇಬ್ಬರ ಎದುರಿಗೇ ಕೂತು, ಬ್ಲೇಡಿನಿಂದ ಕಸೂತಿ ಬಿಚ್ಚತೊಡಗಿದೆ.

"ಏನಮ್ಮ ಮಾಡ್ತಿದ್ದೀಯ?"

"ಕೊಳೆ ತೆಗೀತಿದ್ದೀನಿ ಸಾರ್" ಎಂದೆ. "ಒಗೆದ್ರೆ ಹೋಗಲ್ಲ ಇದು."