ಕೂಡಿಸುವವರು, ಮಲಗಿಸುವವರು

ಸುರಪುರದ ಸಂಗಮನಾಥನಿಗೆ ಯಾರಾದರೂ ಫೋನು ಮಾಡಿದರೆ ಆತ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಆ ಕಡೆಯ ಅಳು ನಿಲ್ಲಲಿ ಎಂದು ಕಾಯುವುದೂ ಇಲ್ಲ. ಮೊದಲು ಕೇಳುವುದು ಒಂದೇ ಮಾತು: “ಕೂಡಸೋ ಮಂದಿ ಏನ್ರಿ, ಮಲಗಸೋ ಮಂದಿ?” ಮನೆಯಲ್ಲಿ ಹೆಣವಿಟ್ಟುಕೊಂಡು ದಿಕ್ಕು ತೋಚದೆ ನಿಂತವರಿಗೆ ಈ ಪ್ರಶ್ನೆ ಒರಟಾಗಿ ಕೇಳಿಸುತ್ತದೆ, ಕೆಲವರು ಬೈದು ಫೋನಿಡುತ್ತಾರೆ. ಆತ ಬೈಗುಳ ತಿಂದು ಸುಮ್ಮನಾಗುತ್ತಾನೆಯೇ ಹೊರತು ಪ್ರಶ್ನೆಯನ್ನು ಬಿಟ್ಟವನಲ್ಲ.

ಸತ್ತವರ ದೇಹ ಕೆಡದಂತೆ ಇಡುವ, ಗಾಜಿನ ಮುಚ್ಚಳದ ತಣ್ಣನೆಯ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುವುದು ಸಂಗಮನಾಥನ ಕಸುಬು. ದೂರದಲ್ಲಿರುವ ಮಗನೋ ಮಗಳೋ ಬಂದು ಮುಖ ನೋಡುವವರೆಗೆ ಮೃತ್ಯುವಿನ ಕೆಲಸವನ್ನು ಕೊಂಚ ತಡೆದು ನಿಲ್ಲಿಸುವ ಯಂತ್ರವದು. ಆದರೆ ಯಾರೋ ಎಲ್ಲಿಯೋ ಅದನ್ನು ಉದ್ದಕ್ಕೆ ಮಲಗಿದವರಿಗಾಗಿ ಮಾಡಿದ್ದಾರೆ. ನಮ್ಮ ಕಡೆಯ ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಮೇಲೆ, ಮೈ ಬಿಗಿಯುವುದರೊಳಗೆ ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ಅರಿವೆ ಕಟ್ಟಿ ಗೂಟಕ್ಕೆ ಬಿಗಿದು, ವಿಭೂತಿ ಹಚ್ಚಿ, ಕುಳಿತಂತೆಯೇ ಮಣ್ಣಿಗೆ ಒಯ್ಯುತ್ತಾರೆ. ಪೆಟ್ಟಿಗೆಯಲ್ಲಿ ಮಲಗಿ ಮರಗಟ್ಟಿದ ದೇಹ ಮತ್ತೆ ಕುಳಿತುಕೊಳ್ಳುವುದು ಕಷ್ಟ. ಈ ಸಣ್ಣ ಸಂಗತಿ ಒಂದು ಕಾಲದಲ್ಲಿ ಸಂಗಮನಾಥನಿಗೂ ಹೊಳೆದಿರಲಿಲ್ಲ, ಅವನ ಬಳಗದ ಹಿರಿಯರಿಗೂ ಹೊಳೆದಿರಲಿಲ್ಲ.

ಆಳು ಗಟ್ಟಿ, ನಡಿಗೆ ಮಾತ್ರ ಓರೆ. ಪೆಟ್ಟಿಗೆಯ ತಲೆಯ ಕಡೆ ಹಿಡಿದು ಇಕ್ಕಟ್ಟಾದ ಬಾಗಿಲುಗಳಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟು ಒಳಹೊಕ್ಕು ರೂಢಿಯಾಗಿ, ಹೊಸ್ತಿಲು ಕಂಡರೆ ಸಾಕು, ಅವನ ಮೈ ತಾನಾಗಿ ಅಡ್ಡ ತಿರುಗುತ್ತದೆ. ಚಹಾದಂಗಡಿಗೂ ಹಾಗೆಯೇ ಹೋಗುತ್ತಾನೆ. ನೆತ್ತಿ ಸುಡುವ ಬೇಸಿಗೆಯಲ್ಲೂ ಒಂದು ಕಂದು ಕೋಟು. ಸಾವಿನ ಮನೆಗೆ ಹೋಗುವಾಗ ತೊಟ್ಟು, ಬಂದವನೇ ಅಂಗಳದ ಬೇವಿನ ಗಿಡಕ್ಕೆ ತೂಗುಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಹೋಗುವುದು. ಹಿಂದೆ ಇದೇ ಮನುಷ್ಯ ಮದುವೆಗಳಿಗೆ ಸ್ಪೀಕರ್ ಡಬ್ಬಿ ಬಾಡಿಗೆ ಕೊಡುತ್ತಿದ್ದ. ಆಗ ಬೀಗರ ಪಂಕ್ತಿಯಲ್ಲಿ ಕೂಡಿಸಿ ಹೋಳಿಗೆ ಬಡಿಸುತ್ತಿದ್ದ ಊರಿನ ನಾವೇ, ಈ ಪೆಟ್ಟಿಗೆ ಬಂದ ಮೇಲೆ ಮದುವೆಗೆ ಅವನ ತಾಯಿಯನ್ನು ಕರೆದು ಅವನನ್ನು ಮರೆತಂತೆ ನಟಿಸುತ್ತಿದ್ದೆವು. ನಾಚಿಕೆಯ ಮಾತು, ಆದರೆ ನಿಜ.

ಆ ತಾಯಿ ಹಂಪಮ್ಮ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಮಗ್ಗುಲಲ್ಲಿ ಎಲೆ-ಅಡಿಕೆಯ ಹಿತ್ತಾಳೆ ಡಬ್ಬಿ, ಮಂಚದ ಕೆಳಗೆ ತವರಿನಿಂದ ಬಂದ ತಗಡಿನ ಟ್ರಂಕು. ಯಾವುದರಲ್ಲಿ ಏನಿರಬೇಕೋ ಅದೇ ಇರಬೇಕು; ಟ್ರಂಕಿನಲ್ಲಿ ಮಗ ಒಮ್ಮೆ ತಂತಿಯ ಸುರುಳಿ ಇಟ್ಟನೆಂದು ಊಟ ಬಿಟ್ಟು ಕುಳಿತ ಹೆಂಗಸು. ಹೊಸ ಪೆಟ್ಟಿಗೆ ಅಂಗಳಕ್ಕೆ ಬಂದಿಳಿದಾಗ ಆಕೆ, “ಮೊದಲ ಹಾಡೋ ಡಬ್ಬಿ ತಂದಿ, ಈಗ ಅಳೋ ಡಬ್ಬಿ ತಂದಿ. ಮುಂದ ಇನ್ನೇನ್ ತರ್ತಿಯೋ ಮಾರಾಯ” ಎಂದು ಹಣೆ ಚಚ್ಚಿಕೊಂಡಿದ್ದಳು.

ಹಂಪಮ್ಮನ ತಮ್ಮ ಜಗದೇವಪ್ಪ ಶಹಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವನು. ಆತ ತೀರಿಕೊಂಡಾಗ ಸೈನ್ಯದಲ್ಲಿದ್ದ ಮಗ ಎಲ್ಲೋ ಗಡಿಯಲ್ಲಿದ್ದ. ಸಂಗಮನಾಥ ಯಾರೂ ಹೇಳುವ ಮೊದಲೇ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಪೆಟ್ಟಿಗೆ ಹಾಕಿಕೊಂಡು ಓಡಿದ. ಸೋದರಮಾವನಿಗೆ ತನ್ನಿಂದ ಇಷ್ಟಾದರೂ ಆಯಿತಲ್ಲ ಎಂಬ ಹೆಮ್ಮೆಯಲ್ಲಿ ತಾನೇ ಎತ್ತಿ ಮಲಗಿಸಿದ. ಮಗ ಬಂದ, ಮುಖ ನೋಡಿದ, ಬಳಗವೆಲ್ಲ ಸಂಗಮನಾಥನ ಬೆನ್ನು ತಟ್ಟಿತು. ಆಮೇಲೆ ಕ್ರಿಯೆ ಮಾಡಿಸುವ ಅಯ್ಯನವರು ಬಂದು, “ಎಬ್ಬಿಸಿ ಕೂಡಿಸ್ರಿ” ಎಂದರು. ಕಾಲು ಮಡಚಲಿಲ್ಲ. ಬಿಸಿನೀರು ಹಾಕಿದರು, ಎಣ್ಣೆ ತಿಕ್ಕಿದರು, ಕೊನೆಗೆ ಇಬ್ಬರು ಸೇರಿ ಒತ್ತಿದರು. ಮೊಣಕಾಲಿನಿಂದ ಬಂದ ಸಪ್ಪಳ ಒಳಗಿದ್ದ ಹೆಣ್ಣುಮಕ್ಕಳಿಗೂ ಕೇಳಿಸಿತು. “ಬಿಡ್ರಿ, ಸಾಕು ಬಿಡ್ರಿ” ಎಂದು ಸಿಪಾಯಿ ಮಗ ಚೀರಿದ. ಕೂಡಿಸಲೆಂದು ತೋಡಿದ್ದ ಕುಣಿಯನ್ನು ಅವಸರದಲ್ಲಿ ಉದ್ದ ಮಾಡಿ, ಜಗದೇವಪ್ಪನನ್ನು ಮಲಗಿಸಿಯೇ ಮಣ್ಣು ಮಾಡಿದರು.

ತಿರುಗಿ ಬರುವಾಗ ಹಂಪಮ್ಮ ಮನೆ ಸಮೀಪಿಸಿದಾಗ ಮಗನ ಕೈ ಹಿಡಿದಳು. “ನನ್ನ ಮಾತ್ರ ಅದರಾಗ ಹಾಕಬ್ಯಾಡಪ. ಯಾರ್ ಬರ್ಲಿ, ಬಿಡ್ಲಿ, ಕೂಡಿಸೇ ಕಳಸು.” ಆತ ಮಾತು ಕೊಟ್ಟ. ಫೋನಿನ ಆ ಪ್ರಶ್ನೆ ಹುಟ್ಟಿದ್ದು ಅಂದಿನಿಂದ.

ಈ ಬೇಸಿಗೆಯಲ್ಲಿ ಒಂದು ಮುಂಜಾನೆ ಹಂಪಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕುಳಿತವಳು ಮಗ್ಗುಲಿಗೆ ವಾಲಿದಳು, ಮತ್ತೆ ಏಳಲಿಲ್ಲ. ಒಬ್ಬಳೇ ಮಗಳು ಸುನಿತಾ ಗಂಡನೊಂದಿಗೆ ಸೂರತ್‌ನಲ್ಲಿ. ಸಿಕ್ಕ ರೈಲು ಹತ್ತಿದರೂ ಯಾದಗಿರಿಯಲ್ಲಿ ಇಳಿಯುವುದು ಮರುದಿನ ಸಂಜೆಗೆ. ಆ ಬಿಸಿಲಿನಲ್ಲಿ ಗೋಡೆಗೆ ಕೂಡಿಸಿದ ದೇಹ ಅಷ್ಟು ಹೊತ್ತು ತಾಳುವುದಿಲ್ಲವೆಂದು ಸಂಗಮನಾಥನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಅಣ್ಣಾ, ಹೊಂಟೀನಿ. ಅವ್ವನ್ನ ಇಡು” ಎಂದಳು ಸುನಿತಾ ಫೋನಿನಲ್ಲಿ. “ಊರ ಮಂದಿಗೆಲ್ಲ ಇಟ್ಟು ಕಾಯ್ತಿ, ನನಗೊಬ್ಬಾಕಿಗಿ ಕಾಯಂಗಿಲ್ಲೇನು?”

“ಅವ್ವಗ ಮಾತು ಕೊಟ್ಟೀನವ್ವ, ತಂಗಿ.”

“ಸತ್ತಾಕಿಗಿ ಏನ್ ತಿಳೀತದ? ಬದುಕಿದಾಕಿ ನಾ ಕೇಳಾಕತ್ತೀನಿ.”

ಸಂಗಮನಾಥ ಫೋನು ಕೆಳಗಿಟ್ಟ. ಪೆಟ್ಟಿಗೆಯ ಕಾಲಿನ ಕಡೆ ಹಿಡಿಯುವ ಮುಷರಫ, ಟಂಟಂ ಓಡಿಸುವವನೂ ಅವನೇ, ಯಾರೂ ಹೇಳದೆಯೇ ಬೇವಿನ ನೆರಳಿನಲ್ಲಿ ಯಂತ್ರ ಚಾಲೂ ಮಾಡಿ, ಗಾಜು ಒರೆಸಿ ನಿಂತಿದ್ದ. ಸಂಗಮನಾಥ ತಾಯಿಯ ಪಾದದ ಬಳಿ ಕುಳಿತು ಮೊಣಕಾಲಿನ ಮೇಲೆ ಕೈಯಿಟ್ಟ. ಅದಿನ್ನೂ ಮೆತ್ತಗಿತ್ತು. ಆ ಮೆದುತನದ ಆಯುಷ್ಯ ಎಷ್ಟೆಂದು ಆತನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು. ತಂಗಿ ಚಿಕ್ಕವಳಿದ್ದಾಗ ಅವ್ವನ ಸೆರಗು ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ ಎಂಬುದೂ ನೆನಪಾಯಿತು. ಕಾಯುತ್ತಿದ್ದ ಅಯ್ಯನವರು ಕೆಮ್ಮಿದರು. ಮುಷರಫ ಬಾಗಿಲಿಗೆ ಬಂದು, “ಮಾಲಕ್ರ, ಚಾಲೂ ಇಡ್ಲೋ, ಬಂದ್ ಮಾಡ್ಲೋ?” ಎಂದು ಕೇಳಿದ.

“ಬಂದ್ ಮಾಡು” ಎಂದು ಸಂಗಮನಾಥ ತಾಯಿಯ ಕಾಲು ಮಡಚಿದ.

ಸಂಜೆಯೊಳಗೆ ಮಣ್ಣಾಯಿತು. ಹಂಪಮ್ಮ ಕುಣಿಯಲ್ಲಿ ಕುಳಿತ ಭಂಗಿ ನೋಡಿ ಅಯ್ಯನವರು ಪುಣ್ಯವಂತೆ ಎಂದರು. ಮರುದಿನ ಬಂದ ಸುನಿತಾ ಅಳಲಿಲ್ಲ, ಒಳಗೂ ಹೋಗಲಿಲ್ಲ; ಬ್ಯಾಗು ನೆಲಕ್ಕಿಟ್ಟು ನೇರ ಪೆಟ್ಟಿಗೆಯ ಬಳಿ ಹೋಗಿ, ಗಾಜಿನ ಮೇಲೆ ಅಂಗೈ ಊರಿ ಒಳಗೆ ಇಣುಕಿದಳು.

“ಖಾಲಿನೇ ಇತ್ತಲ್ಲೋ ಅಣ್ಣಾ” ಎಂದಳು.

ಮಣ್ಣಿನ ಗುಡ್ಡೆಗೆ ಕೈಮುಗಿದು ಹೋದವಳು ಇಂದಿಗೂ ಅಣ್ಣನಿಗೆ ಫೋನು ಮಾಡಿಲ್ಲ. ಆತ ತಪ್ಪು ಮಾಡಿದ ಎನ್ನಲು ನಮಗೆ ನಾಲಿಗೆ ಬಾರದು, ಸರಿ ಎನ್ನಲು ಧೈರ್ಯ ಸಾಲದು. ಸಂಗಮನಾಥ ಈಗಲೂ ಕರೆದಲ್ಲಿಗೆ ಹೋಗುತ್ತಾನೆ. ಯಾರದೋ ಮಗಳು ದೂರದ ಊರಿನಿಂದ ಬಂದು ಗಾಜಿನ ಮೇಲೆ ಬಿದ್ದು ಅತ್ತರೆ ಎದ್ದು ಕಾಂಪೌಂಡಿನ ಆಚೆ ಹೋಗಿ ನಿಲ್ಲುತ್ತಾನೆ. ಇನ್ನೊಬ್ಬರ ದುಃಖಕ್ಕೆ ಅನುಕೂಲ ಮಾಡಿಕೊಡುವ ಕಸುಬಿನವರ ಪಾಡೇ ಹೀಗೆ. ತಾಯಿಯ ಮುಖ ಕಡೆಗೊಮ್ಮೆ ಕಾಣದೆ ಹೋದರೆ ನಾವು ನೀವು ವಿಧಿಯನ್ನು ಬೈಯಬಹುದು, ದೂರವನ್ನು ಬೈಯಬಹುದು, ತಡವಾದ ರೈಲನ್ನು ಬೈಯಬಹುದು. ಉಪಾಯ ಅಂಗಳದಲ್ಲೇ ಇದ್ದವರಿಗೆ ಬೈಯಲು ತಮ್ಮನ್ನು ಬಿಟ್ಟು ಯಾರೂ ಸಿಗುವುದಿಲ್ಲ.