ಹಸಿರು ಸೋಸುವ ದಿನ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗಂಡ ಮದುವೆಯಾದ ಹೊಸದರಲ್ಲೇ ಹೇಳಿದ್ದ. ಇರಬಹುದು. ಆದರೆ ನಮ್ಮ ಮನೆಯಲ್ಲಿ ಲೆಕ್ಕಕ್ಕೆ ಬರುವ ಮೂಗು ನನ್ನದಲ್ಲ, ಅತ್ತೆಯದು. ಅವರು ಸೋಪು ಕಾರ್ಖಾನೆಯಲ್ಲಿ ವಾಸನೆ ಪರೀಕ್ಷಿಸುವ ಕೆಲಸದಲ್ಲಿದ್ದವರು. ಮಾವ ಬೇಗ ತೀರಿಕೊಂಡರು. ಮಗನನ್ನೂ ಮಗಳನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಆ ಮೂಗು. ನಿವೃತ್ತಿಯಾದ ಮೇಲೂ ಅದು ರಜೆ ತೆಗೆದುಕೊಂಡಿರಲಿಲ್ಲ. ಹಾಲು ಒಡೆಯುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ಗಂಡ ಬಾಲ್ಕನಿಯಲ್ಲಿ ಕದ್ದು ಸೇದಿದ್ದು ಯಾವ ಕಂಪನಿಯ ಸಿಗರೇಟು ಎಂಬುದೂ ಗೊತ್ತಾಗುತ್ತಿತ್ತು.

ನಾನು ಲಿಫ್ಟ್ ರಿಪೇರಿಯವಳು. ದಿನವಿಡೀ ಲಿಫ್ಟಿನ ಕೆಳಗಿನ ಗುಂಡಿಯಲ್ಲೋ ಮೋಟಾರು ಕೋಣೆಯಲ್ಲೋ ಇದ್ದು, ಸಂಜೆ ಮೈಕೈಗೆಲ್ಲ ಗ್ರೀಸು ಮೆತ್ತಿಕೊಂಡು ಮನೆಗೆ ಬರುತ್ತೇನೆ. ಇಂಥ ಸೊಸೆ ಬಂದಳಲ್ಲ ಎಂದು ಮೊದಮೊದಲು ನೆಂಟರೆಲ್ಲ ಮೂಗು ಮುರಿದರು. ಒಮ್ಮೆ ಊಟದ ಹೊತ್ತಿನಲ್ಲಿ ಗಂಡನ ಚಿಕ್ಕಮ್ಮ, “ಇವ್ಳ ಪಕ್ಕ ಕೂತ್ರೆ ಗ್ಯಾರೇಜಲ್ಲಿ ಕೂತ ಹಾಗಿರುತ್ತೆ” ಎಂದರು. ನಾನು ತಟ್ಟೆ ಬಿಟ್ಟು ಏಳುವುದರಲ್ಲಿದ್ದೆ. ಅತ್ತೆ ಬಡಿಸುತ್ತಿದ್ದ ಸೌಟನ್ನು ಕೆಳಗಿಡದೆಯೇ, “ಗ್ಯಾರೇಜಿಂದಲ್ಲ ಅದು, ಲಿಫ್ಟಿನ ಹಳಿಗೆ ಹಾಕೋ ಗ್ರೀಸು. ಒಳ್ಳೇ ಮಾಲು. ನೀನು ಹಾಕ್ಕೊಂಡು ಬಂದಿರೋ ಸೆಂಟೇ ಕಳಪೆ” ಎಂದರು. ಆ ಒಂದು ಮಾತಿಗೆ ನಾನು ಅತ್ತೆಗೆ ಜನ್ಮವಿಡೀ ಋಣಿ.

ಅಂದಿನಿಂದ ಅದು ನಮ್ಮಿಬ್ಬರ ಆಟವಾಯಿತು. ನಾನು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರೆ ಅತ್ತೆ ಒಳಗಿನಿಂದಲೇ, “ಇವತ್ತು ಯಾವುದೋ ಹಳೇ ಲಿಫ್ಟು. ಮೋಟಾರು ಸುಟ್ಟಿದೆ. ಹೋಗು, ನೀರು ಕಾದಿದೆ, ಮೊದ್ಲು ಸ್ನಾನ ಮಾಡು” ಎನ್ನುವರು. ಕಳೆದ ತಿಂಗಳು ಅವರಿಗೆ ಜ್ವರ ಬಂದು ಹೋದ ಮೇಲೆ ಆ ಆಟ ನಿಂತುಹೋಯಿತು. ಬಂದೆಯಾ ಎಂದು ಕೇಳುವರು, ಅಷ್ಟೇ. ನನ್ನ ಮೇಲೇನೋ ಮುನಿಸು ಎಂದುಕೊಂಡು ನಾನೂ ಮುಖ ಊದಿಸಿಕೊಂಡು ಓಡಾಡಿದೆ.

ಹೀಗಿರುವಾಗ ಹಸಿರಿನ ಕಾಲ ಬಂತು. ಬೇಸಿಗೆಯಲ್ಲಿ ಅತ್ತೆ ದೊಡ್ಡ ಗಾಜಿನ ಜಾಡಿಯಲ್ಲಿ ವೋಡ್ಕಾ ಸುರಿದು, ಅದರಲ್ಲಿ ಪುದೀನ, ಕಾಮಕಸ್ತೂರಿ ಎಲೆ, ಸೋಂಪು, ನಿಂಬೆಸಿಪ್ಪೆ, ಜಜ್ಜಿದ ಶುಂಠಿ ನೆನೆಹಾಕುತ್ತಾರೆ. ಎಲೆಗಳ ಬಣ್ಣ ಇಳಿದು ಅದು ಹಸಿರಾಗುತ್ತದೆ. ನಾವು ಕರೆಯುವುದೂ ಹಾಗೆಯೇ. ಸೋಸಿ ಸಕ್ಕರೆ ಪಾಕ ಬೆರೆಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಲೋಟಕ್ಕೆ ಸ್ವಲ್ಪ ಬಗ್ಗಿಸಿ ಐಸು, ಸೌತೆಕಾಯಿ ಬಿಲ್ಲೆ, ನಿಂಬೆರಸ, ಸೋಡಾ ಹಾಕಿ ಕುಡಿದರೆ ಬಿಸಿಲಲ್ಲಿ ಬೆಂದು ಬಂದ ಜೀವ ತಣ್ಣಗಾಗುತ್ತದೆ.

ಎಲ್ಲ ಇರುವುದು ಸೋಸುವ ದಿನದಲ್ಲಿ. ಬೇಗ ಸೋಸಿದರೆ ಸಪ್ಪೆ, ತಡವಾದರೆ ಎಲೆ ಕೊಳೆತು ಒಣಹುಲ್ಲಿನ ಕಹಿ. ಆ ದಿನ ಗೊತ್ತುಮಾಡಲು ಅತ್ತೆ ನಾಲಿಗೆಗೆ ಒಂದು ತೊಟ್ಟೂ ಮುಟ್ಟಿಸುವುದಿಲ್ಲ. ಕಾರ್ಖಾನೆಯ ಪದ್ಧತಿಯಂತೆ ಹಳೇ ಕ್ಯಾಲೆಂಡರಿನ ಅಂಚು ಕತ್ತರಿಸಿದ ಚೀಟಿಯನ್ನು ಜಾಡಿಯಲ್ಲಿ ಅದ್ದಿ, ಕಿಟಕಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಡುತ್ತಾರೆ. ವೋಡ್ಕಾದ ಘಾಟು ಹಾರಿಹೋಗಿ ಎಲೆಯ ವಾಸನೆ ಉಳಿದ ಮೇಲೆ ಕಣ್ಣು ಮುಚ್ಚಿ ಮೂಸುತ್ತಾರೆ. ಪ್ರತಿ ವರ್ಷ ನನ್ನನ್ನೂ ಹಿಡಿದು ನಿಲ್ಲಿಸಿ, “ಬಾ ಇಲ್ಲಿ, ನೀನೂ ಮೂಸು” ಎನ್ನುವರು. ಕೆಲಸಕ್ಕೆ ಹೊತ್ತಾಯಿತೆಂದು ಸಿಡಿಮಿಡಿಗುಟ್ಟುತ್ತಲೇ ನಾನೂ ಮೂಸುತ್ತಿದ್ದೆ.

ಈ ಸಲ ಹಸಿರಿಗೆ ಹೆಚ್ಚಿನ ಜವಾಬ್ದಾರಿಯಿತ್ತು. ನಾದಿನಿ ಬೀದಿಯ ತಿರುವಿನಲ್ಲಿ ಸಣ್ಣದೊಂದು ಬಾರ್ ಅಂಡ್ ರೆಸ್ಟೋರೆಂಟು ತೆರೆಯುವವಳಿದ್ದಳು. ಬಂದವರಿಗೆಲ್ಲ ಮೊದಲು ಅಮ್ಮನ ಹಸಿರಿನ ಲೋಟವನ್ನೇ ಕೊಡಬೇಕೆಂದು ಅವಳ ಹಟ. ಭಾನುವಾರ ಬಂದು ರುಚಿ ನೋಡುತ್ತೇನೆ ಎಂದಿದ್ದಳು. ಅತ್ತೆಗೆ ಒಳಗೊಳಗೇ ಹಿಗ್ಗು.

ಗುರುವಾರ ಬೆಳಿಗ್ಗೆ ಅತ್ತೆ ಚೀಟಿ ಅದ್ದಿ ಕಟ್ಟೆಯ ಮೇಲಿಟ್ಟು, ಒಲೆ ಆರಿಸಲು ಹೋದರು. ಅದರ ಪಕ್ಕದಲ್ಲೇ ಇನ್ನೊಂದು ಚೀಟಿ ಬಿದ್ದಿತ್ತು. ಹಿಂದಿನ ಸಂಜೆ ನನ್ನ ಕೆಲಸದ ಎಣ್ಣೆಡಬ್ಬಿಯ ಮೂತಿ ಸೋರುತ್ತಿದೆಯೆಂದು ಕೈಗೆ ಸಿಕ್ಕಿದ ಚೀಟಿಯಲ್ಲಿ ಒರೆಸಿ ಅಲ್ಲೇ ಬಿಟ್ಟಿದ್ದೆ. ಅತ್ತೆ ತಿರುಗಿ ಬಂದವರು ಅದನ್ನೇ ಎತ್ತಿಕೊಂಡರು. ನಾನು ಬೂಟಿನ ಲೇಸು ಕಟ್ಟುತ್ತ, ಈಗ ಬೈಗುಳ ಗ್ಯಾರಂಟಿ ಎಂದು ನಾಲಿಗೆ ಕಚ್ಚಿಕೊಂಡೆ.

ಅತ್ತೆ ಕಣ್ಣು ಮುಚ್ಚಿದರು. ನಿಧಾನವಾಗಿ ಉಸಿರೆಳೆದರು. “ಪುದೀನ ಇನ್ನೂ ಹಸಿಯಾಗೇ ಇದೆ. ಇನ್ನೊಂದೆರಡು ದಿನ ಬಿಡೋಣ” ಎಂದರು.

ನಾನು ಲೇಸು ಬಿಟ್ಟು ಎದ್ದೆ. ಲಿಫ್ಟಿನ ಎಣ್ಣೆ ಹಿಡಿದುಕೊಂಡು ಪುದೀನ ಎನ್ನುವವರಲ್ಲ ಅತ್ತೆ. ಬಾಗಿಲಲ್ಲಿ ಮಾತು ನಿಂತದ್ದು ಮುನಿಸಿಗಲ್ಲ ಎಂದು ಆಗ ಹೊಳೆಯಿತು. ಅಲ್ಲೇ ಉಳಿದಿದ್ದ ನಿಜವಾದ ಚೀಟಿಯನ್ನು ಎತ್ತಿ ಮೂಸಿದೆ. ಪುದೀನದ ಹಸಿತನ ಹೋಗಿ ತಳದಲ್ಲಿ ಹುಲ್ಲಿನ ವಾಸನೆ ಶುರುವಾಗಿತ್ತು. ಇನ್ನು ಎರಡು ದಿನ ಬಿಟ್ಟರೆ ಜಾಡಿಯೇ ಹಾಳು. ಭಾನುವಾರ ಮೊದಲ ಗುಟುಕಿಗೇ ನಾದಿನಿಗೆ ಎಲ್ಲ ತಿಳಿದುಬಿಡುತ್ತದೆ. ಈಗಲೇ ಹೇಳಿದರೆ ಅತ್ತೆಯ ಮನಸ್ಸು ಮುರಿಯುತ್ತದೆ. ನಯವಾಗಿ ಹೇಳುವ ಜಾಣತನ ನನಗೆ ಹುಟ್ಟಿನಿಂದಲೇ ಬಂದಿಲ್ಲ.

“ಅತ್ತೆ, ನಿಮ್ಮ ಕೈಲಿರೋದು ನಾನು ಎಣ್ಣೆ ಒರೆಸಿದ ಚೀಟಿ” ಎಂದೆ.

ಅತ್ತೆ ಚೀಟಿಯನ್ನು ನೋಡಿದರು. ಮತ್ತೊಮ್ಮೆ ಮೂಗಿಗೆ ಹಿಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

“ಜ್ವರ ಬಿಟ್ಟಾಗ್ಲಿಂದ ಯಾವ ವಾಸನೆನೂ ಇಲ್ಲ ಕಣೆ. ಡಾಕ್ಟ್ರ ಹತ್ರ ಒಬ್ಳೇ ಹೋಗಿದ್ದೆ. ಬಂದ್ರೆ ಬರಬಹುದು ಅಂದ್ರು.”

“ನಮ್ಗೆ ಹೇಳೋಕೆ ಏನಾಗಿತ್ತು? ಗ್ಯಾಸ್ ಸೋರಿದ್ರೆ ಏನ್ ಗತಿ?” ನನ್ನ ದನಿ ಏರಿತು.

“ಅದಕ್ಕೇ ಒಲೆ ಹತ್ರ ಹೋಗಿ ಹೋಗಿ ನೋಡ್ತಿರ್ತೀನಿ.” ಅತ್ತೆ ಚೀಟಿಯನ್ನು ಮಡಿಸುತ್ತ ಮಡಿಸುತ್ತ ಹೇಳಿದರು, “ಇದೊಂದು ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು? ಇದೂ ಹೋಯ್ತು ಅಂದ್ರೆ ಪಾಪ ಅಂತ ಮೂಲೇಲಿ ಕೂರಿಸ್ತೀರ. ಹೊತ್ತೊತ್ತಿಗೆ ಊಟ ಕೊಡ್ತೀರ.”

ಮೂಲೆಯ ಮಾತು ಕೇಳಿ ನನಗೆ ರೇಗಿತು. ಎಲ್ಲರೂ ಮೂಗು ಮುಚ್ಚಿಕೊಂಡಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡವರು ಇವರು.

“ನನ್ನನ್ನ ಮೂಲೇಲಿ ಕೂರೋಕೆ ಬಿಟ್ರಾ ನೀವು? ಈ ಮನೇಲಿ ತಲೆ ಎತ್ಕೊಂಡು ಓಡಾಡ್ತಿದ್ದೀನಿ ಅಂದ್ರೆ ಅದು ನಿಮ್ಮಿಂದ ಅತ್ತೆ. ಇಷ್ಟು ದಿನ ಹೇಳಿಲ್ಲ, ಅಷ್ಟೇ” ಎಂದೆ. ನಿಜವಾದ ಚೀಟಿಯನ್ನು ಕೈಯಲ್ಲಿ ಹಿಡಿದು, “ನಾನು ಮೂಸ್ತೀನಿ, ನೀವು ತೀರ್ಪು ಹೇಳಿ” ಎಂದೆ.

ಅತ್ತೆ ನನ್ನ ಬೂಟಿನ ಕಡೆ ನೋಡಿದರು. “ಕೆಲಸಕ್ಕೆ ಹೊತ್ತಾಗಲ್ವಾ?”

“ಲಿಫ್ಟ್ ಕೆಟ್ಟಿದ್ರೆ ಮೆಟ್ಲು ಹತ್ತಿ ಹೋಗ್ತಾರೆ ಬಿಡಿ.”

ಆಗ ಅವರಿಗೆ ನಗು ಬಂತು. “ಸರಿ, ಹೇಳು. ಮೊದ್ಲು ಏನು ಬರುತ್ತೆ?”

ಅವರ ಕಾರ್ಖಾನೆಯ ಭಾಷೆ ನನಗೆ ಬಾರದು. ನನಗೆ ಬರುವ ಭಾಷೆಯಲ್ಲೇ ಹೇಳಿದೆ. “ಮೇಲಿನ ಮಹಡೀಲಿ ನಿಂಬೆ. ಮಧ್ಯದಲ್ಲಿ ಸೋಂಪು, ಶುಂಠಿ ಆರಾಮಾಗಿ ಕೂತಿವೆ. ಪುದೀನ ಕೆಳಗಿಳೀತಾ ಇದೆ, ಗುಂಡೀಲಿ ಸ್ವಲ್ಪ ಹುಲ್ಲು.”

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. “ಪುದೀನ ಇಳಿಯೋಕೆ ಶುರುವಾದ್ರೆ ತಡ ಮಾಡ್ಬಾರ್ದು. ಇವತ್ತೇ, ಈಗ್ಲೇ. ಬಿಳಿ ಬಟ್ಟೆ ತಗೊಂಡ್ಬಾ. ಎಲೆ ಹಿಂಡ್ಬೇಡ, ತಾನಾಗೇ ಸೋರಲಿ.” ನಾನು ಬೂಟು ಬಿಚ್ಚಿದೆ. ಅವರು ಹೇಳಿದಂತೆ ಸೋಸಿದೆ, ಪಾಕ ಕಾಯಿಸಿದೆ, ಆರಿಸಿ ಬೆರೆಸಿದೆ. ಕೆಲಸಕ್ಕೆ ತಡವಾಗಿ ಹೋಗಿ ಮೇಲಧಿಕಾರಿಯಿಂದ ಬೈಸಿಕೊಂಡೆ. ಬೇಜಾರೇನೂ ಆಗಲಿಲ್ಲ.

ಭಾನುವಾರ ನಾದಿನಿ ಬಂದಳು. ಅತ್ತೆಯೇ ಲೋಟಗಳಿಗೆ ಐಸು ತುಂಬಿ, ಸೌತೆಕಾಯಿ ಇಳಿಬಿಟ್ಟು, ಹಸಿರು ಬಗ್ಗಿಸಿ, ನಿಂಬೆ ಹಿಂಡಿ ಸೋಡಾ ಸುರಿದರು. ಒಂದೆಲೆ ಪುದೀನವನ್ನು ಅಂಗೈಯಲ್ಲಿ ತಟ್ಟಿ ಮೇಲಿಟ್ಟರು. ನಾದಿನಿ ಒಂದು ಗುಟುಕು ಕುಡಿದು ಕಣ್ಣರಳಿಸಿದಳು.

“ಅಮ್ಮ, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ. ನಿನ್ನ ಮೂಗಿಗೆ ದೃಷ್ಟಿ ತೆಗೀಬೇಕು.”

ನಾನು ಐಸು ಕದಡುತ್ತಿದ್ದೆ. ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು.

“ನನ್ನ ಮೂಗು ಹೋಯ್ತು ಕಣೆ, ಜ್ವರದಲ್ಲಿ” ಎಂದರು ಅತ್ತೆ, ಬೆಳಗಿನ ಹಾಲು ಬರಲಿಲ್ಲ ಎಂದಷ್ಟೇ ಸಲೀಸಾಗಿ. “ಈ ಸಲ ಮೂಸಿದ್ದು ನಿಮ್ಮತ್ತಿಗೆ. ಪುಣ್ಯ ಮಾಡಿದ್ದೆ, ಕಲಿಸಿಟ್ಟಿದ್ದೆ.” ಗಂಡ, ನಾದಿನಿ ಇಬ್ಬರೂ ಲೋಟ ಕೆಳಗಿಟ್ಟರು. ಅತ್ತೆ ತಮ್ಮ ಲೋಟ ಎತ್ತಿ ಕುಡಿದರು. “ವಾಸನೆ ಇಲ್ಲ. ಆದ್ರೆ ತಂಪು ಗೊತ್ತಾಗುತ್ತೆ. ಹುಳಿ ಗೊತ್ತಾಗುತ್ತೆ. ಸಾಕು ನಂಗೆ” ಎಂದು ಲೋಟ ಖಾಲಿ ಮಾಡಿದರು.

ಮರುದಿನ ಸಂಜೆ ನಾನು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದೆ. ಒಳಗಿನಿಂದ ದನಿ ಬಂತು.

“ಇವತ್ತು ಯಾವ ವಾಸನೆ? ನೀನೇ ಹೇಳು.”

“ಹಳೇ ಲಿಫ್ಟು ಅತ್ತೆ. ಮೋಟಾರು ಸುಟ್ಟಿದೆ.”

“ನಂಗೊತ್ತಿತ್ತು” ಎಂದರು ಅತ್ತೆ. “ಹೋಗು, ನೀರು ಕಾದಿದೆ.”